ಹುಣಸಿಮರದ ಕ್ರಿವ್: ಡ್ರ್ಯಾಗನ್‌ಬಾರ್ನ್‌ಗೆ ಹೆಸರಿಡಲು ಕೊಂಡ ಪುಸ್ತಕ

ನನ್ನ ಸೋದರಳಿಯನಿಗೆ ಹೆಸರಿಟ್ಟವಳು ನಾನೇ. ಹದಿಮೂರು ವರ್ಷದ ಹಿಂದೆ, ಪುಣೆಯ ಕರ್ವೆನಗರದ ತಮ್ಮನ ಮನೆಯಲ್ಲಿ ತೊಟ್ಟಿಲೊಳಗೆ ಬಾಗಿ, ಅವನ ಕಿವಿಯಲ್ಲಿ ‘ಕುರ್ರ್’ ಅಂದು ನಮ್ಮಪ್ಪನ ಹೆಸರು ಹೇಳಿದ್ದೆ. ಸುತ್ತ ನಿಂತ ಹೆಂಗಸರು ವಾಡಿಕೆಯಂತೆ ನನ್ನ ಬೆನ್ನಿಗೆ ಗುದ್ದಿದ್ದರು. ಹೆಸರಿಡುವ ಹಕ್ಕು ಸೋದರತ್ತೆಯದು. ಹಾಗಾಗಿ ಈ ಜೂನ್‌ನಲ್ಲಿ ಅವನು ತಾನು ಆಡುವ ಆಟದ ಪಾತ್ರದ ಹಾಳೆ ಹಿಡಿದುಕೊಂಡು ಬಂದು, “ಅತ್ತಿ, ನನ್ನ ಡ್ರ್ಯಾಗನ್‌ಬಾರ್ನ್‌ಗೆ ಹೆಸರಽ ಸಿಗವಲ್ದು. ನನಗ ಹೆಸರಿಟ್ಟಾಕಿ ನೀನಽ ಅಲಾ, ಇದಕ್ಕೂ ನೀನಽ ಇಡು” ಅಂದಾಗ ಒಲ್ಲೆ ಅನ್ನಲು ಬಾಯಿ ಬರಲಿಲ್ಲ.

ನಾನು ಒಂದು ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಪ್ರವೇಶದ ಅರ್ಜಿ, ಜನರಲ್ ರಿಜಿಸ್ಟರ್, ಶಾಲೆ ಬಿಟ್ಟ ದಾಖಲೆ, ಎಲ್ಲದರಲ್ಲೂ ದಿನವಿಡೀ ಹೆಸರುಗಳೇ. ಹೆಸರು ತಪ್ಪಿದರೆ ಒಬ್ಬ ಮನುಷ್ಯ ಎಷ್ಟು ವರ್ಷ ಅಲೆಯಬೇಕಾಗುತ್ತದೆ ಅನ್ನುವುದನ್ನು ಇಪ್ಪತ್ತು ವರ್ಷದಿಂದ ನೋಡುತ್ತ ಬಂದಿದ್ದೇನೆ. ಆದ್ದರಿಂದ ಆಟದ ಪಾತ್ರದ ಹೆಸರನ್ನೂ ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಮೇಲಿನ ಮಹಡಿಯ ಕಾಲೇಜು ಹುಡುಗ ತನ್ನ ಹಳೆಯ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಮಾರಲಿದ್ದ, ಕೊಂಡುಕೊಂಡೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯ ಮೂಲ ಪುಸ್ತಕ, 2014ರದು, 320 ಪುಟ. ಹೊರಬಂದಾಗ ಅಮೆರಿಕದಲ್ಲಿ ಅದರ ಮುಖಬೆಲೆ 49.95 ಡಾಲರ್ ಇತ್ತು. ನಾನಿಲ್ಲಿ ಬರೆಯುತ್ತಿರುವುದು ಇಡೀ ಪುಸ್ತಕದ ಬಗ್ಗೆ ಅಲ್ಲ. ಡ್ರ್ಯಾಗನ್‌ಬಾರ್ನ್‌ಗೆ ಹೆಸರಿಡಬೇಕಾದವರಿಗೆ ಅದು ಎಷ್ಟು ಉಪಯೋಗ ಅನ್ನುವುದರ ಬಗ್ಗೆ ಮಾತ್ರ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಇದು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಇಪ್ಪತ್ತು ಮುಖದ ದಾಳ ಉರುಳಿಸಿ ಆದದ್ದು ಹೋದದ್ದು ತೀರ್ಮಾನಿಸುತ್ತಾರೆ. ಡ್ರ್ಯಾಗನ್‌ಬಾರ್ನ್ ಅಂದರೆ ಡ್ರ್ಯಾಗನ್ ರಕ್ತದ, ಎರಡು ಕಾಲಿನ ಮೇಲೆ ನಡೆಯುವ ಜನ. 2008ರ ನಾಲ್ಕನೇ ಆವೃತ್ತಿಯಿಂದ ಮೂಲ ಪುಸ್ತಕದಲ್ಲೇ ಅವರಿಗೆ ಜಾಗ ಸಿಕ್ಕಿದೆ. ಮೈಮೇಲೆ ಹುರುಪೆ, ಆರಡಿ ಮೀರಿದ ಎತ್ತರ, ಬಾಯಿಂದ ಬೆಂಕಿಯೋ ಸಿಡಿಲೋ ವಿಷವೋ ಹೊರಡುತ್ತದೆ. ಮೊಟ್ಟೆಯಿಂದ ಹೊರಬಂದ ಕೆಲವೇ ಗಂಟೆಗಳಲ್ಲಿ ಮರಿ ನಡೆಯುತ್ತದೆ, ಮೂರು ವರ್ಷಕ್ಕೆ ನಮ್ಮ ಹತ್ತು ವರ್ಷದ ಮಗುವಿನಷ್ಟಾಗುತ್ತದೆ, ಹದಿನೈದಕ್ಕೆ ದೊಡ್ಡದಾಗುತ್ತದೆ. ಅಂದರೆ ತೊಟ್ಟಿಲಲ್ಲಿ ಹಾಕುವಷ್ಟು ಹೊತ್ತೂ ಅದು ಸುಮ್ಮನಿರುವುದಿಲ್ಲ.

ಕೊಳ್ಳುವ ಮೊದಲು ಒಂದು ಮಾತು ಗೊತ್ತಿರಲಿ. ಈ ಆಟದ ನಿಯಮಗಳ ಒಂದು ಭಾಗ ಪುಕ್ಕಟೆಯಾಗಿ ಸಿಗುತ್ತದೆ. 2023ರ ಜನವರಿಯಲ್ಲಿ ಅದನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಡ್ರ್ಯಾಗನ್‌ಬಾರ್ನ್‌ನ ಬಲ, ಬಣ್ಣ, ಉಸಿರಿನ ಅಸ್ತ್ರ ಎಲ್ಲ ಅದರಲ್ಲಿದೆ. ಹೆಸರುಗಳ ಪಟ್ಟಿ ಇಲ್ಲ. ಅವು ಬೇಕೆಂದರೆ ಪುಸ್ತಕವೇ ಬೇಕು.

ಪುಸ್ತಕದಲ್ಲಿ ಡ್ರ್ಯಾಗನ್‌ಬಾರ್ನ್‌ಗೆ ಸಿಕ್ಕಿರುವುದು 32ರಿಂದ 34ರವರೆಗಿನ ಪುಟಗಳು. ಅಲ್ಲಿ ಹೆಸರಿನ ವಿಷಯಕ್ಕೆ ಒಂದು ಸಣ್ಣ ಪ್ಯಾರಾ ಇದೆ. ನನ್ನ ಹಣ ವಸೂಲಾದದ್ದು ಆ ಪ್ಯಾರಾದಲ್ಲಿ. ಡ್ರ್ಯಾಗನ್‌ಬಾರ್ನ್ ತನ್ನ ಕುಲದ ಹೆಸರನ್ನು ಸ್ವಂತ ಹೆಸರಿಗಿಂತ ಮೊದಲು ಹೇಳುತ್ತಾನಂತೆ, ಅದು ಗೌರವದ ಗುರುತಂತೆ. ಅದನ್ನು ಓದಿ ಪುಸ್ತಕ ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಊರಲ್ಲಿ ಮತ್ತೆ ಹೇಗೆ? ಬಡಿಗೇರ ಈರಣ್ಣ, ಅಂಗಡಿ ಮಲ್ಲಪ್ಪ, ಹೂಗಾರ ಗಂಗವ್ವ. ಮೊದಲು ಮನೆತನ, ಆಮೇಲೆ ಮನುಷ್ಯ. ಮೈಸೂರು ಕಡೆಯವರದೂ ಒಂದು ರೀತಿಯಲ್ಲಿ ಅದೇ: ಊರು, ಅಪ್ಪ, ಆಮೇಲೆ ತಾನು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅಂದಾಗ ಕವಿ ಕೊನೆಗೆ ಬರುತ್ತಾರೆ. ಮಹಾರಾಷ್ಟ್ರದ ವಾಡಿಕೆಯಲ್ಲಿ ಇದು ತಿರುಗಾಮುರುಗಾ. ಮೊದಲು ತನ್ನ ಹೆಸರು, ನಡುವೆ ಅಪ್ಪನದು, ಕಡೆಗೆ ಅಡ್ಡಹೆಸರು. ತಪ್ಪಲ್ಲ, ಇಲ್ಲಿನ ಪದ್ಧತಿ ಅದು. ಆದರೆ ಅರ್ಜಿಯ ಮೂರು ಖಾನೆಯಲ್ಲಿ ಯಾವುದು ಎಲ್ಲಿ ಅಂತ ತಿಳಿಯದೆ ನನ್ನ ಮೇಜಿನ ಮುಂದೆ ಪೆನ್ನು ಹಿಡಿದು ನಿಂತ ಕನ್ನಡದ ತಂದೆ ತಾಯಂದಿರನ್ನು ಎಷ್ಟೋ ಮಂದಿ ನೋಡಿದ್ದೇನೆ. ಇಂಗ್ಲಿಷಿನ ಆಟದ ಪುಸ್ತಕವೊಂದು ನಮ್ಮ ಕಡೆಯ ಕ್ರಮ ಹಿಡಿದು ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಇನ್ನು ಪಟ್ಟಿ. ಗಂಡು ಹೆಸರು 17, ಹೆಣ್ಣು ಹೆಸರು 17, ಕುಲದ ಹೆಸರು 18. ಹೆಸರಿಗೆ ನಾನು ಇಟ್ಟುಕೊಂಡಿರುವ ಪರೀಕ್ಷೆ ಒಂದೇ: ಅಡುಗೆಮನೆಯಿಂದ ಗ್ಯಾಲರಿಯಲ್ಲಿರುವವರಿಗೆ ಕೇಳುವಂತೆ ಕೂಗಿ ನೋಡುವುದು. ಕುಕ್ಕರ್ ಸೀಟಿ ಹೊಡೆಯುತ್ತಿದ್ದರೂ ಕೇಳಬೇಕು, ಕೂಗಿದವರ ನಾಲಿಗೆ ತೊಡರಬಾರದು. ಒಂದು ರವಿವಾರ ಮಧ್ಯಾಹ್ನ 34 ಹೆಸರನ್ನೂ ಕೂಗಿ ನೋಡಿದೆವು. ಅಳಿಯ ಗ್ಯಾಲರಿಯಲ್ಲಿ ನಿಂತು, ಕೇಳಿದ್ದಕ್ಕೆ ಕೈ ಎತ್ತುತ್ತಿದ್ದ. ಟೋರಿನ್, ಕ್ರಿವ್, ಸುರೀನಾ, ಅಕ್ರಾ ಚೆನ್ನಾಗಿ ಪಾಸಾದವು. ಪಾಂಡ್ಜೆಡ್ ನನ್ನ ಬಾಯಲ್ಲೇ ಉಳಿಯಿತು.

ಈ ಹೆಸರುಗಳನ್ನು ಕನ್ನಡದಲ್ಲಿ ಬರೆದು ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಇಂಗ್ಲಿಷ್ ಓದುವವರಿಗೆ ಭರಶ್, ಘೇಶ್, ಝೇರಿ ಇವುಗಳಲ್ಲಿನ ಎಚ್ ಅಕ್ಷರ ಬರೀ ಅಲಂಕಾರ, ಬಾಯಲ್ಲಿ ಅದು ಇರುವುದಿಲ್ಲ. ನಮಗೆ ಭ, ಘ, ಝ ನಿಜವಾದ ಅಕ್ಷರಗಳು. ಮಹಾಪ್ರಾಣ. ಹೊಟ್ಟೆಯಿಂದ ಉಸಿರು ಎದ್ದು ಬಂದರೇ ಅವು ಹುಟ್ಟುವುದು. ಉಸಿರನ್ನೇ ಅಸ್ತ್ರ ಮಾಡಿಕೊಂಡ ಜನಕ್ಕೆ ಮಹಾಪ್ರಾಣದ ಹೆಸರಿಗಿಂತ ಒಪ್ಪುವುದು ಏನಿದೆ? “ಅಂಗೈ ಬಾಯಿ ಮುಂದ ಹಿಡಕೊಂಡು ‘ಬರಶ್’ ಅನ್ನು. ಈಗ ‘ಭರಶ್’ ಅನ್ನು” ಅಂದೆ. ಅಂಗೈಗೆ ಬಡಿದ ಬಿಸಿ ಗಾಳಿ ಅಳಿಯನಿಗೆ ಎಷ್ಟು ಹಿಡಿಸಿತೆಂದರೆ, ಅವತ್ತು ಸಂಜೆಯವರೆಗೆ ಮನೆಯ ಪ್ರತಿಯೊಂದು ಸಾಮಾನಿಗೂ ಮಹಾಪ್ರಾಣ ಸೇರಿಸಿ ಕೂಗುತ್ತಿದ್ದ. ಶಾಲೆಯಲ್ಲಿ ಕನ್ನಡ ಕಲಿಯದ ಹುಡುಗ, ಬ-ಭ ವ್ಯತ್ಯಾಸ ಕಲಿತದ್ದು ಹೀಗೆ.

ಪಟ್ಟಿಯೊಳಗೆ ಹಳೆಯ ಕಾಲದ ನಿಜವಾದ ಹೆಸರುಗಳೂ ಕೂತಿವೆ, ಪುಸ್ತಕ ಅದನ್ನು ಹೇಳುವುದಿಲ್ಲ. ಶಮಾಶ್ ಮೆಸೊಪೊಟೇಮಿಯದ ಸೂರ್ಯದೇವರ ಹೆಸರು. ಫರೀದೆ ಇರಾನಿನ ಹೆಣ್ಣುಮಕ್ಕಳ ಹೆಸರು. ವಾಜೆಟ್ ಅನ್ನುವ ಈಜಿಪ್ಟಿನ ನಾಗದೇವತೆಯನ್ನು ಉಆಜಿತ್ ಅಂತಲೂ ಬರೆಯುತ್ತಾರೆ. ಅದು ಹೆಣ್ಣು ಹೆಸರುಗಳ ಕೊನೆಯಲ್ಲಿದೆ. ನನಗೆ ಎಲ್ಲಕ್ಕಿಂತ ಸಂತೋಷ ಕೊಟ್ಟದ್ದು ಮೆಹೆನ್. ಸೂರ್ಯನನ್ನು ಸುತ್ತಿಕೊಂಡು ಕಾಯುವ ಈಜಿಪ್ಟಿನ ಸರ್ಪ ಅದು. ಸುರುಳಿ ಸುತ್ತಿದ ಹಾವಿನ ಆಕಾರದ ಮಣೆಯ ಮೇಲೆ ಆಡುತ್ತಿದ್ದ, ಸಾವಿರಾರು ವರ್ಷ ಹಳೆಯ ಆಟಕ್ಕೂ ಅದೇ ಹೆಸರು. ಮಣೆಯಾಟದ ಹೆಸರು ಹೊತ್ತ ಸರ್ಪ ಮತ್ತೆ ಆಟದ ಮೇಜಿಗೇ ಬಂದು ಕೂತಿದೆ.

‘ನಳ’ವನ್ನು ಇಲ್ಲಿ ಹೆಣ್ಣು ಹೆಸರುಗಳ ಸಾಲಿನಲ್ಲಿ ಹಾಕಿದ್ದಾರೆ. ಕನಕದಾಸರ ‘ನಳಚರಿತ್ರೆ’ ಕೇಳಿ ಬೆಳೆದ ನನಗೆ ಕ್ಷಣ ತಡೆದಂತಾಯಿತು. ನಮ್ಮ ನಳನ ಬದುಕಿನಲ್ಲಿ ಒಂದು ಹಾವಿದೆ: ಕಾಡ್ಗಿಚ್ಚಿನಲ್ಲಿ ಸಿಕ್ಕಿಬಿದ್ದ ಕಾರ್ಕೋಟಕನನ್ನು ನಳ ಎತ್ತಿ ಉಳಿಸುತ್ತಾನೆ, ಅದು ಅವನನ್ನೇ ಕಚ್ಚಿ ರೂಪ ಕೆಡಿಸುತ್ತದೆ, ಅವನು ಬಾಹುಕನಾಗುತ್ತಾನೆ. ಕಚ್ಚಿದ್ದು ಅವನ ಒಳ್ಳೆಯದಕ್ಕೇ ಅಂತ ಆಮೇಲೆ ತಿಳಿಯುತ್ತದೆ. ಈ ಕಥೆಯನ್ನು ಅಳಿಯನಿಗೂ ಅವನ ಜೊತೆ ಆಡುವ ಮಕ್ಕಳಿಗೂ ಹೇಳಿದೆ. ಗುಂಪಿನಲ್ಲಿರುವ ಮರಾಠಿ ಹುಡುಗಿ ತನ್ನ ಹಸಿರು ಡ್ರ್ಯಾಗನ್‌ಬಾರ್ನ್‌ಗೆ ಆಗಲೇ ನಳಾ ಅಂತ ಇಟ್ಟಿದ್ದಳು. ಕಥೆ ಮುಗಿದ ಮೇಲೆ, ವಿಷದ ಉಸಿರು ಬಿಡುವಾಗ “ಇದು ನಿನ್ನ ಒಳ್ಳೆಯದಕ್ಕೇ” ಅಂತ ಹೇಳಿ ಬಿಡುವುದು ಅವಳ ಪಾತ್ರದ ರೂಢಿಯಾಯಿತು. ಹೆಸರಿಗೆ ಕಥೆ ಸಿಕ್ಕ ಕೂಡಲೇ ಪಾತ್ರ ಎದ್ದು ನಿಲ್ಲುವುದನ್ನು ಕಣ್ಣಾರೆ ಕಂಡೆ.

ಬಿರಿ ಅನ್ನುವುದು ಇನ್ನೊಂದು ಹೆಣ್ಣು ಹೆಸರು. ಪುಸ್ತಕ ಮಾಡಿದವರಿಗೆ ಖಂಡಿತ ಗೊತ್ತಿರಲಿಕ್ಕಿಲ್ಲ, ಮೊಗ್ಗು ಬಿರಿಯಿತು ಅನ್ನುವಲ್ಲಿನ ನಮ್ಮ ಬಿರಿ ಅದು. ಮೊಟ್ಟೆ ಬಿರಿದು ಬಂದವಳಿಗೆ ಬಿರಿ! ಕನ್ನಡದ ಮೇಜಿನಲ್ಲಿ ಆಡುವವರಿಗೆ ಈ 34ರಲ್ಲಿ ಎಲ್ಲಕ್ಕಿಂತ ಒಳ್ಳೆಯ ಹೆಸರು ಇದೇ ಅಂತ ನಾನು ಅನ್ನುತ್ತೇನೆ. ನನಗೆ ಒಂದು ಪಾತ್ರ ಮಾಡಿಕೊಳ್ಳುವ ದಿನ ಬಂದರೆ ಅದನ್ನೇ ಇಟ್ಟುಕೊಳ್ಳುವವಳು.

ಇದೇ ಕಿವಿಯಿಂದ ಕೇಳಿದರೆ ಕೆಲವು ಹೆಸರು ನಮ್ಮ ಮನೆಗೆ ಆಗಿಬರುವುದಿಲ್ಲ. ರೋಗರ್ ಅಂತ ಒಂದಿದೆ. ಅಳಿಯನ ಗೆಳೆಯ ಅದನ್ನು ಆರಿಸಿದ. ಎರಡನೇ ವಾರಕ್ಕೆ ಕೊನೆಯ ರ್ ಉದುರಿತು. ದೀಪ ಹಚ್ಚುವ ಹೊತ್ತು, ನಾಲ್ಕು ಮಕ್ಕಳು “ರೋಗ ಬಂದ, ರೋಗ ಬಂದ” ಅಂತ ಕೂಗುತ್ತಿದ್ದಾರೆ. ಒಳಗಿಂದ ನಮ್ಮವ್ವ ಬಂದಳು. “ಸಂಜೀ ಮುಂದ ಮನ್ಯಾಗ ಯಾಕಪ್ಪಾ ರೋಗ ರೋಗ ಅಂತೀರಿ? ಬ್ಯಾರೆ ಹೆಸರಿಲ್ಲೇನು ಇದಕ್ಕ?” ಹುಡುಗ ಪುಸ್ತಕ ತೋರಿಸಿ ಅದರಲ್ಲಿ ಹಾಗೇ ಇದೆ ಅಂದ. ಅವ್ವ ಪುಸ್ತಕದ ಕಡೆ ನೋಡಲೂ ಇಲ್ಲ. ಮರುವಾರ ಅವನು ಬಾಲಸರ್ ಆದ. ಪಟ್ಟಿಯಿಂದ ಆರಿಸುವವರು ಮನೆಯ ಹಿರಿಯರ ಎದುರು ಒಮ್ಮೆ ಹೇಳಿ ನೋಡುವುದು ಒಳ್ಳೆಯದು.

ಕುಲದ ಹೆಸರುಗಳ ಬಗ್ಗೆ ನನ್ನ ತಕರಾರು ದೊಡ್ಡದು. ಡೆಲ್ಮಿರೆವ್, ಮ್ಯಾಸ್ತನ್, ನೆಮ್ಮೋನಿಸ್ ಪರವಾಗಿಲ್ಲ. ಆದರೆ ಕ್ಲೆತ್‌ಟಿಂತಿಯಾಲೋರ್, ಫೆಂಕೆಂಕಬ್ರಾಡನ್, ವರ್ತಿಸತುರ್ಗೀಶ್ ಇವನ್ನು ಮಕ್ಕಳು ಮೊದಲ ದಿನ ಉತ್ಸಾಹದಿಂದ ಬರೆದುಕೊಂಡರು, ಎರಡನೇ ದಿನದಿಂದ ಹೇಳುವುದನ್ನೇ ಬಿಟ್ಟರು. ಉದ್ದವಾಗಿರುವುದು ತಪ್ಪಲ್ಲ, ಉದ್ದದ ಹೆಸರು ನಮಗೇನು ಹೊಸದೇ? ಆದರೆ ಮೃತ್ಯುಂಜಯ ಅಂದರೆ ಸಾವನ್ನು ಗೆದ್ದವ ಅಂತ ಬಿಡಿಸಬಹುದು. ಈ 18ರಲ್ಲಿ ಒಂದನ್ನೂ ಬಿಡಿಸಲಾಗುವುದಿಲ್ಲ, ಯಾವುದಕ್ಕೂ ಅರ್ಥ ಕೊಟ್ಟಿಲ್ಲ. ಡ್ರ್ಯಾಗನ್‌ಬಾರ್ನ್‌ಗೆ ಕುಲ ಪ್ರಾಣಕ್ಕಿಂತ ಹೆಚ್ಚು ಅಂತ ಅದೇ ಪುಟಗಳಲ್ಲಿ ಬರೆದಿದ್ದಾರೆ. ಪ್ರಾಣಕ್ಕಿಂತ ಹೆಚ್ಚಾದದ್ದರ ಹೆಸರಿಗೆ ಅರ್ಥವೇ ಬೇಡವೇ?

ಇದು ನನಗೆ ಯಾಕೆ ಇಷ್ಟು ತಾಗುತ್ತದೆ ಅಂತ ಹೇಳಿಬಿಡುತ್ತೇನೆ. ನನ್ನ ತವರಿನ ಅಡ್ಡಹೆಸರು ಬೆಲ್ಲದ. ನಮ್ಮ ಮುತ್ತಜ್ಜ ಗಾಣ ಇಟ್ಟು ಬೆಲ್ಲ ಕಾಯಿಸುತ್ತಿದ್ದ, ಅದರಿಂದ ಬಂದದ್ದು. ತಮ್ಮ ಪುಣೆಗೆ ಬಂದ ಹೊಸದರಲ್ಲಿ ಒಂದು ಕಚೇರಿಯಲ್ಲಿ ಇಂಗ್ಲಿಷಿನಿಂದ ದೇವನಾಗರಿಗೆ ಇಳಿಸುವಾಗ ಅದನ್ನು ‘ಬೆಲ್ಲಾಡ್’ ಮಾಡಿದರು. ಮುಂದಿನ ಕಾಗದಗಳೆಲ್ಲ ಆ ಮೊದಲ ಕಾಗದ ನೋಡಿಯೇ ಆದವು. ತಿದ್ದಿಸಲು ಅವನು ಎರಡು ವರ್ಷ ರಜೆ ಹಾಕಿ ಹಾಕಿ ತಿರುಗಿದ. ಒಂದು ‘ದ’ ಹೋಗಿ ‘ಡ್’ ಬಂದರೆ ಗಾಣ ಹೋಯಿತು, ಮುತ್ತಜ್ಜ ಹೋದ, ಬರೀ ಸಪ್ಪಳ ಉಳಿಯಿತು. ಫೆಂಕೆಂಕಬ್ರಾಡನ್ ಓದಿದಾಗ ನನಗೆ ಕೇಳಿಸಿದ್ದು ಅಂಥದೇ ಸಪ್ಪಳ.

ಹಾಗಾಗಿ ಕುಲದ ಹೆಸರನ್ನು ಪುಸ್ತಕದಿಂದ ತೆಗೆದುಕೊಳ್ಳಲಿಲ್ಲ, ಅದರ ನಿಯಮವನ್ನಷ್ಟೇ ತೆಗೆದುಕೊಂಡೆವು. ಅಳಿಯನ ಪಾತ್ರ ತಾಮ್ರ ಬಣ್ಣದ್ದು. ಪುಸ್ತಕದಲ್ಲಿ ಬಣ್ಣಗಳು ಹತ್ತು. ತಾಮ್ರ ಮತ್ತು ಕಪ್ಪು ಬಣ್ಣದವರ ಬಾಯಿಂದ ಆಮ್ಲ ಹೊರಡುತ್ತದೆ, ಐದಡಿ ಅಗಲ, ಮೂವತ್ತಡಿ ಉದ್ದದ ಗೆರೆಯಾಗಿ. “ತಾಮ್ರಕ್ಕೂ ಆ್ಯಸಿಡ್‌ಗೂ ಏನ್ ಸಂಬಂಧ ಅತ್ತಿ?” ಅಂದ. ಅಟ್ಟದ ಮೇಲಿನ ತಾಮ್ರದ ತಂಬಿಗೆ ಇಳಿಸಿದೆ. ನಮ್ಮಜ್ಜಿಯದು, ಕೊರಳ ಸುತ್ತ ಹಸಿರು ಕಿಲುಬು ಹಿಡಿದಿತ್ತು. ಅವನ ಕೈಗೆ ಒಂದು ಉಂಡೆ ಹುಣಸೆಹಣ್ಣು, ಚಿಟಿಕೆ ಉಪ್ಪು ಕೊಟ್ಟೆ. ತಿಕ್ಕತೊಡಗಿದ. ಮೊದಲು ಕೈಗೆ ಕಪ್ಪು ರಸ ಹತ್ತಿತು, ಆಮೇಲೆ ಹೆಬ್ಬೆರಳು ಹೋದ ಹಾದಿಯಲ್ಲೇ ಕೆಂಪಗೆ ಒಂದು ಪಟ್ಟಿ ಬೆಳಗಿತು. ಅವನು ತಿಕ್ಕುವುದನ್ನು ನಿಲ್ಲಿಸಿ ಆ ಪಟ್ಟಿಯನ್ನೇ ನೋಡಿದ. “ಹುಳಿ ಇದರ ವೈರಿ ಅಲ್ಲ, ಇದನ್ನ ತೊಳಿಯೂದಽ ಅದು” ಅಂದ. ಹುಣಸಿಮರದ ಅನ್ನುವ ಅಡ್ಡಹೆಸರು ನಮ್ಮ ಕಡೆ ನಿಜವಾಗಿ ಇದೆ ಅಂತ ಹೇಳಿದೆ. ತಂಬಿಗೆ ಬೆಳಗಿ ಮುಗಿಯುವಷ್ಟರಲ್ಲಿ ಕುಲ ಗಟ್ಟಿಯಾಗಿತ್ತು. ಸ್ವಂತ ಹೆಸರಿಗೆ ಅವನು ಪಟ್ಟಿಯ ಕ್ರಿವ್ ಅನ್ನೇ ಇಟ್ಟುಕೊಂಡ. ಕೂಗಿದರೆ ಕತ್ತರಿ ಆಡಿದ ಹಾಗೆ ಕೇಳಿಸುತ್ತದೆ ಅಂತ. ಹುಣಸಿಮರದ ಕ್ರಿವ್. ನನಗೂ ಒಪ್ಪಿಗೆಯಾಯಿತು.

ಪುಸ್ತಕದಲ್ಲಿ ಇನ್ನೂ ಒಂದು ಒಳ್ಳೆಯ ಸಂಗತಿ ಇದೆ: ಬಾಲ್ಯದ ಹೆಸರು. ಒಂದೇ ಗೂಡಿನ ಮೊಟ್ಟೆಗಳಿಂದ ಬಂದವರು ತಮ್ಮೊಳಗೆ ಪ್ರೀತಿಯಿಂದಲೋ ಯಾವುದೋ ಘಟನೆ ನೆನೆದೋ ಕರೆಯುವ ಹೆಸರು ಅದು. ಉದಾಹರಣೆ ಆರೇ ಕೊಟ್ಟಿದ್ದಾರೆ, ಹತ್ತುವವ, ಜಿಗಿಯುವವ, ಗುರಾಣಿ ಕಚ್ಚಿದವ ಇಂಥವು. ನಮ್ಮ ಮನೆಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅಳಿಯನಿಗೆ ಅಜ್ಜನ ಹೆಸರಿಟ್ಟದ್ದರಿಂದ ಅವನ ತಾಯಿಗೆ ಅದನ್ನು ಬಾಯಿಬಿಟ್ಟು ಕರೆಯಲಾಗುವುದಿಲ್ಲ, ಮಾವನ ಹೆಸರು. ಅದಕ್ಕೇ ಮನೆಯಲ್ಲಿ ಅವನು ಅಪ್ಪು. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ, ತಿಪ್ಪವ್ವ ಅಂತ ಕರೆದ ಊರು ನಮ್ಮದು; ಕೆಟ್ಟ ದೃಷ್ಟಿ ಬೀಳದಿರಲಿ ಅಂತ. ಒಬ್ಬರಿಗೆ ಎರಡು ಹೆಸರು ಯಾಕೆ ಬೇಕಾಗುತ್ತದೆ ಅನ್ನುವುದು ಈ ಪುಸ್ತಕ ಬರೆದವರಿಗೆ ಗೊತ್ತಿದೆ. ನಾನು ಮಕ್ಕಳಿಗೆ ಹಾಕಿದ ಕರಾರು ಇಷ್ಟೇ: ಬಾಲ್ಯದ ಹೆಸರನ್ನು ಯಾರೂ ತನಗೆ ತಾನೇ ಇಟ್ಟುಕೊಳ್ಳಬಾರದು, ಜೊತೆಯವರು ಇಡಬೇಕು. ಮೂರನೇ ರವಿವಾರ ಕ್ರಿವ್ ತನ್ನ ಆಮ್ಲವನ್ನು ಶತ್ರುವಿನ ಮೇಲೆ ಬಿಡಲು ಹೋಗಿ, ತಾವೇ ಒಳಗಿಂದ ಹಾಕಿಕೊಂಡಿದ್ದ ಬಾಗಿಲನ್ನು ಕರಗಿಸಿದ. ಗಿರ್ಮಿಟ್ ತಟ್ಟೆ ಕೈಯಲ್ಲಿ ಹಿಡಿದೇ ಮೂವರೂ ಒಟ್ಟಿಗೆ ಹೆಸರಿಟ್ಟರು: ಕದಾ ತಿಂದಾಂವ. ಈಗ ಆಟದ ಹೊರಗೂ ಅವನಿಗೆ ಅದೇ ಹೆಸರು.

ಹೆಚ್ಚು ಹೆಸರು ಬೇಕೆನ್ನುವವರು 2017ರ ‘ಝನಾಥರ್ಸ್ ಗೈಡ್ ಟು ಎವೆರಿಥಿಂಗ್’ ನೋಡಬಹುದು. ಅದೇ ಕಾಲೇಜು ಹುಡುಗನಿಂದ ಎರಡು ದಿನಕ್ಕೆ ತಂದುಕೊಂಡಿದ್ದೆ. ಅದರ ಕೊನೆಯಲ್ಲಿ ನೂರರವರೆಗಿನ ದಾಳ ಉರುಳಿಸಿ ಹೆಸರು ತೆಗೆಯುವ ಕೋಷ್ಟಕಗಳಿವೆ. ಕಥೆ ನಡೆಸುವವರಿಗೆ, ದಾರಿಯಲ್ಲಿ ಸಿಕ್ಕ ಕಾವಲುಗಾರನಿಗೆ ಥಟ್ಟನೆ ಹೆಸರು ಬೇಕಾದಾಗ, ಬಹಳ ಉಪಯೋಗ. ಸ್ವಂತ ಪಾತ್ರಕ್ಕೆ ಅಲ್ಲಿಂದ ಎತ್ತಬೇಡಿ; ಅಲ್ಲಿಯೂ ಅರ್ಥ ಕೊಟ್ಟಿಲ್ಲ. ಬಟನ್ ಒತ್ತಿದರೆ ಹೆಸರು ಉದುರಿಸುವ ಜಾಲತಾಣಗಳಲ್ಲಿ ಎರಡು ಮೂರನ್ನು ನೋಡಿ ಮುಚ್ಚಿದೆ.

ಬದಲಿಗೆ ಮಹಾಭಾರತದ ಆದಿಪರ್ವ ತೆರೆಯಿರಿ. ಆಸ್ತಿಕನ ಕಥೆಯಲ್ಲಿ ನಾಗಗಳ ಹೆಸರಿನ ಪಟ್ಟಿಯೇ ಇದೆ: ಶೇಷ, ವಾಸುಕಿ, ತಕ್ಷಕ, ಕಾರ್ಕೋಟಕ ಎಲ್ಲರಿಗೂ ಗೊತ್ತು, ಪಿಂಜರಕ, ಏಲಾಪತ್ರ, ನೀಲ, ಕಲ್ಮಾಷ, ಶಬಲ ಅಷ್ಟಾಗಿ ಗೊತ್ತಿಲ್ಲ. ಎಷ್ಟೋ ಹೆಸರು ಬಣ್ಣದಿಂದಲೇ ಬಂದವು. ನೀಲಿ ಡ್ರ್ಯಾಗನ್‌ಬಾರ್ನ್‌ಗೆ ನೀಲ, ಹಿತ್ತಾಳೆ ಬಣ್ಣದವನಿಗೆ ಪಿಂಜರಕ ಎಷ್ಟು ಚೆನ್ನಾಗಿ ಕೂಡುತ್ತದೆ ನೋಡಿ.

ನನ್ನ ಅಂಕ ಐದಕ್ಕೆ ಮೂರೂವರೆ. ಕುಲ ಮೊದಲು ಅನ್ನುವ ನಿಯಮಕ್ಕೆ, ಬಾಲ್ಯದ ಹೆಸರಿಗೆ, ಬಿರಿ ಮತ್ತು ಮೆಹೆನ್‌ಗೆ ಪೂರ್ತಿ ಕೊಟ್ಟು, ಅರ್ಥವಿಲ್ಲದ ಆ 18 ಕುಲಗಳಿಗೆ ಒಂದೂವರೆ ಕಳೆದಿದ್ದೇನೆ. ಹಳೆಯ ಪ್ರತಿ ಸಿಕ್ಕರೆ ಕೊಳ್ಳಿ; ಬರೀ ಹೆಸರಿಗಾಗಿ ಹೊಸದಕ್ಕೆ ದುಡ್ಡು ಹಾಕಬೇಡಿ.

ಪುಸ್ತಕದ ಜೊತೆ ಪಾತ್ರದ ವಿವರ ತುಂಬುವ ಹಾಳೆಯೂ ಇದೆ. ಅದರ ಎಡ ತುದಿಯಲ್ಲಿ ಪಾತ್ರದ ಹೆಸರಿಗೆ ಒಂದೇ ಒಂದು ಉದ್ದನೆಯ ಖಾನೆ. ಮೊದಲ ಹೆಸರು, ನಡುವಿನ ಹೆಸರು, ಅಡ್ಡಹೆಸರು ಅಂತ ಕತ್ತರಿಸಿಲ್ಲ. ದಿನಕ್ಕೆ ನಲವತ್ತು ಅರ್ಜಿ ನೋಡುವ ನನಗೆ ಆ ಒಂದು ಖಾನೆ ಕಂಡು ಬಹಳ ಸಮಾಧಾನವಾಯಿತು. ಅಳಿಯ ಅದರಲ್ಲಿ ‘ಹುಣಸಿಮರದ ಕ್ರಿವ್’ ಅಂತ ಕನ್ನಡದಲ್ಲೇ ಬರೆದ. ‘ಹು’ ಬರೆಯಲು ನನ್ನನ್ನು ಕೇಳಿದ. ಬಲಗಡೆ ಆಟಗಾರನ ಹೆಸರಿಗೂ ಒಂದು ಖಾನೆ ಇದೆ. ಶಾಲೆಯ ವಹಿಗಳ ಮೇಲೆಲ್ಲ ಅವನ ಹೆಸರು ಇಲ್ಲಿಯ ಪದ್ಧತಿಯಂತೆಯೇ ಇದೆ. ಅಲ್ಲಿ ಮಾತ್ರ ಪೆನ್ನು ಸ್ವಲ್ಪ ಹೊತ್ತು ಎತ್ತಿ ಹಿಡಿದು, ಮೊದಲು ‘ಬೆಲ್ಲದ’ ಅಂತ ಬರೆದ. ಆಮೇಲೆ, ತೊಟ್ಟಿಲಲ್ಲಿ ನಾನು ಅವನ ಕಿವಿಯಲ್ಲಿ ಹೇಳಿದ ಹೆಸರು.